ನೀರುಗಂಟಿಯ ಮೊಮ್ಮಗಳು ಅರ್ಜಿ ತುಂಬುವುದು

ಏಳನೇ ಕಲಮಿನಲ್ಲಿ ಕೇಳಿದ್ದಾರೆ:
ಸೇವೆ ಒದಗಿಸುವವರು ಯಾರು.
ಪಕ್ಕದಲ್ಲಿ ಅರ್ಧ ಗೇಣು ಜಾಗ,
ಒಂದು ಕಂಪನಿಯ ಹೆಸರು ಹಿಡಿಸುವಷ್ಟು.

ಗುಡಿಬಂಡೆಯ ತಾಲ್ಲೂಕು ಕಚೇರಿಯ ಜಗಲಿ.
ಕಾಗದವನ್ನು ಮೊಣಕಾಲ ಮೇಲಿಟ್ಟು ಕೂತಿದ್ದೇನೆ.
ಎದುರಿಗೆ ಬೆಟ್ಟ, ಕೋಟೆ; ಅದರಾಚೆ ನಮ್ಮೂರು,
ನಮ್ಮೂರ ಹಾಲಿನ ಡೈರಿ, ಡೈರಿಯ ತಾರಸಿಯ ಮೇಲೆ
ಪ್ಲಾಸ್ಟಿಕ್ಕಿನ ಪೇಂಟು ಬಕೆಟ್ಟು ಬೋರಲು ಹಾಕಿದ ರೇಡಿಯೋ.

ಡೈರಿ ಎಂದು ಬರೆಯಲೇ?
ಡೈರಿ ಕೊಟ್ಟದ್ದು ಕರೆಂಟು ಮಾತ್ರ.
ಮೇಷ್ಟ್ರು ಕೊಟ್ಟದ್ದು ಪಾಸ್‌ವರ್ಡು,
ಅದೂ ಅವರ ಎಮ್ಮೆಯ ಹೆಸರು, ಊರಿಗೆಲ್ಲ ಗೊತ್ತು.
ಕಂಬ ಪಿಳ್ಳಪ್ಪನ ಬತ್ತಿದ ಬೋರಿನ ಪೈಪು.
ತಿಂಗಳಿಗೆ ಮನೆಗೆ ಮೂವತ್ತು ರೂಪಾಯಿ; ಇಲ್ಲದವರು
ಒಂದು ಸೇರು ಅವರೆಕಾಳು ಅಳೆದದ್ದುಂಟು,
ಏನೂ ಅಳೆಯದೆ ಇದ್ದದ್ದೂ ಉಂಟು.
ಹೆಪ್ಪಿಗೆಂದು ಬಂದವಳಿಗೆ ಅರ್ಧ ಚಮಚ ಮೊಸರು ಕೊಟ್ಟ
ಪಾಪಕ್ಕನನ್ನು ಯಾರಾದರೂ ಡೈರಿ ಎಂದರೇ?

ಬಾಗೇಪಲ್ಲಿ ಕಡೆಯ ಕೇಬಲ್ ರಾಮಾಂಜಿಯ ಬೋರ್ಡಿನಲ್ಲೂ
ಸಮುದಾಯ ವೈರ್‌ಲೆಸ್ ಎಂದೇ ಇದೆ, ಕೆಂಪಕ್ಷರದಲ್ಲಿ.
ಒಂದು ಲೈನು ಕೊಂಡು ನೂರು ಮನೆಗೆ ಮಾರುತ್ತಾನೆ.
ಬೈಯಲಾರೆ. ಕರೆದ ಗಂಟೆಯೊಳಗೆ ಅವನ ಹುಡುಗರು ಬರುತ್ತಾರೆ.
ನಮ್ಮದು ಕೆಟ್ಟರೆ ನಾನು ಬರಬೇಕು,
ಬರುವ ಮುಂಚೆ ರಾಗಿಯ ಕಳೆ ಮುಗಿಸಬೇಕು.

ತಾತ ಕೆರೆಯ ನೀರುಗಂಟಿ.
ಮುಳುಗಿ ತೂಬಿನ ಬೆಣೆ ಎತ್ತುತ್ತಿದ್ದ,
ಕಿವಿಯಲ್ಲಿ ಅಷ್ಟು ಕೆರೆ ತುಂಬಿಕೊಂಡು ಮೇಲೆ ಬರುತ್ತಿದ್ದ.
ಯಾವ ಮಡಿಗೆ ಎಷ್ಟು ಹೊತ್ತು, ತನ್ನ ನೆರಳು ನೋಡಿ ಹೇಳುತ್ತಿದ್ದ.
ಕೆರೆ ಅವನದಲ್ಲ. ನೀರು ಅವನದಲ್ಲ.
ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ
ಎರಡು ಮೊರ ಭತ್ತ ಅವನದು.
ಅಷ್ಟು ದೊಡ್ಡ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ
ಅವನದಿರಲಿಲ್ಲ.

ಇದನ್ನು ಹೇಳಬಾರದೆಂದಿದ್ದೆ:
ಡೈರಿಯ ರೇಡಿಯೋ ಮೂವತ್ತೆಂಟು ಮನೆ ಮುಟ್ಟಿತು,
ಹುಣಸೆಮರ ದಾಟಿ ನಮ್ಮ ಕಾಲೋನಿಗೆ ಬರಲಿಲ್ಲ.
ಬಂಡೆ ಅಡ್ಡ ಇದೆ, ಅಂದರು ಸಭೆಯಲ್ಲಿ.
ಸುಳ್ಳಲ್ಲ. ಬಂಡೆ ಅಡ್ಡ ಇದೆ.
ತಾತನ ಕಾಲದಲ್ಲಿ ಕಾಲುವೆಗೂ ಅದೇ ಅಡ್ಡ ಇತ್ತು.
ಕಂಬ ಹತ್ತಿ ಮೂತಿ ತಿರುಗಿಸುವವಳು ನಾನು;
ಪಿಂಚಣಿ ಬಂತೋ ಇಲ್ಲವೋ ನೋಡಲು ನಮ್ಮವ್ವ
ಡೈರಿಯ ಗೋಡೆಯ ಹತ್ತಿರ, ಗೋಡೆಗೆ ಒರಗದೆ,
ಫೋನು ಎತ್ತಿ ಹಿಡಿದು ನಿಲ್ಲುತ್ತಿದ್ದಳು.

ಹನ್ನೊಂದು ತಿಂಗಳು.
ಟೀ, ಬಿಸ್ಕತ್ತು, ಮುಂದಿನ ಮೀಟಿಂಗಿನಲ್ಲಿ ನೋಡೋಣ.

ಆಮೇಲೆ ಒಂದು ಭಾನುವಾರ ಯಾರನ್ನೂ ಕೇಳದೆ
ನಾನೂ ತಸ್ಲೀಮಳೂ ಬಂಡೆ ಹತ್ತಿದೆವು.
ಗುಳಿ ಹೊಡೆದುಕೊಟ್ಟದ್ದು ಕಲ್ಲೊಡೆಯುವ ಗಂಗುಲಪ್ಪ,
ಕರೆಂಟು ನಮ್ಮನೆ ಬಲ್ಬಿನ ತಂತಿಯಿಂದ.
ಅಡ್ಡ ಇರುವ ಬಂಡೆ ಎತ್ತರವೂ ಇದೆಯೆಂದು
ಇಷ್ಟು ದಿನ ಯಾರೂ ತಲೆಯೆತ್ತಿ ನೋಡಿರಲಿಲ್ಲ.
ಈಗ ಡೈರಿ ಅಧ್ಯಕ್ಷರ ಹಿತ್ತಲಿಗೂ ನಮ್ಮ ಕಂಬದ್ದೇ ಚೆನ್ನಾಗಿ ಸಿಗುತ್ತದೆ.
ಅವರು ಹೇಳಿಲ್ಲ.
ಪಟ್ಟಿಯಲ್ಲಿ ಅವರ ಫೋನಿನ ಹೆಸರು ಕಾಣುತ್ತದೆ.

ಬೇಗ ತುಂಬಮ್ಮ, ಊಟದ ಹೊತ್ತು, ಎಂದ ಗುಮಾಸ್ತ.
ಒಂದು ಹೆಸರು ಬರಿ ಸಾಕು.
ಬಂಡೆಯ ಹೆಸರು ಬರೆಯೋಣವೆಂದರೆ ಅದಕ್ಕೆ ಹೆಸರಿಲ್ಲ.
ಎಮ್ಮೆಗಿದೆ, ಬರೆಯುವಂತಿಲ್ಲ.
ನೀರುಗಂಟಿ, ಎಂದು ಬರೆದೆ.
ಅವನು ಕನ್ನಡಕ ಹಣೆಗೇರಿಸಿ ಕೇಳಿದ:
ಇದು ಹೆಸರೋ, ಹುದ್ದೆಯೋ?

ಅಷ್ಟರಲ್ಲಿ ಹುಣಸೆಮರದಡಿ ಸಿಗುವ ಒಂದೇ ಕಡ್ಡಿ ಟವರಿನಿಂದ
ಅವ್ವನ ಕರೆ: ಕಂಬದ ಮೇಲೆ ಕೋತಿ ಕೂತಿದೆ,
ಮೂತಿ ಕೆರೆಯ ಕಡೆ ತಿರುಗಿಬಿಟ್ಟಿದೆ.
ಹ್ಞೂಂ, ಎಂದೆ.
ತನಗೇ ಉತ್ತರ ಸಿಕ್ಕಿತೆಂದುಕೊಂಡು
ಗುಮಾಸ್ತ ಮೊಹರು ಹುಡುಕತೊಡಗಿದ.