ಆಗಲಿ ಬುದ್ಧಿ

ದಾವಣಗೆರೆ. ಮಂಡಕ್ಕಿ ಭಟ್ಟಿಯ ಹಿಂದಿನ ಕೋಣೆ.
ಹಾಜರಿ ಒಂಬತ್ತು. ನಡಾವಳಿ ಬರೆಯಲು ನಾನು.
ಗೋಡೆಗಿನ್ನೂ ಕಾದ ಮರಳಿನ ಬಿಸಿ.

ಓಬಳೇಶಪ್ಪ ಅಂದರು:
ಅಮೆರಿಕದ ಕಪ್ಪು ಜನಕ್ಕೆ
ಧಣಿಯ ಕಣ್ಣು ತಪ್ಪಿದ ಸೂರೆಂದರೆ ಚರ್ಚು ಒಂದೇ.
ಮಾತು ಕಲಿತದ್ದು ಅಲ್ಲಿ, ಲೆಕ್ಕ ಇಟ್ಟದ್ದು ಅಲ್ಲಿ;
ನಾಯಕ ಇನ್ನೆಲ್ಲಿಂದ ಬರಬೇಕಿತ್ತು, ಹೇಳ್ರಿ?

ದುರುಗಪ್ಪ ಮೇಷ್ಟ್ರು ಕನ್ನಡಕ ಒರೆಸಿದರು:
ಪೀಠದಿಂದ ಇಳಿದು ಬಂದವನು
ಪೀಠವನ್ನೂ ಹೊತ್ತೇ ತರುತ್ತಾನೆ.
ಹೌದು ಹೌದು ಕೇಳಿ ಪಳಗಿದ ಕಿವಿಗೆ
ಯಾಕೆ ಅನ್ನೋದು ಬೈಗುಳ.

ಅಡಿಗೆರೆ ಎಳೆದು ಬರೆದೆ.

ಬಸ್ಸು ಹತ್ತದೆ ವರ್ಷಗಟ್ಟಲೆ ನಡೆದು,
ಕೇಕು ಸುಟ್ಟು ಮಾರಿ, ಹೋರಾಟಕ್ಕೆ ಕಾಸು ಕೂಡಿಸಿದ ಹೆಂಗಸರು
ಯಾರ ಹಿಂದಿದ್ದರು, ಯಾರ ಮುಂದಿದ್ದರು? ನಾನು ಕೇಳಿದೆ.
'ಒಳ್ಳೇ ಪಾಯಿಂಟು, ಬರ್ಕಳವ್ವ.'
ಬರಕೊಂಡೆ.

ಅಷ್ಟರಲ್ಲಿ ದುರ್ಗದಿಂದ ಫೋನು.
ನಮ್ಮ ಜನದ್ದೇ ಮಠ, ನಮ್ಮವರೇ ಸ್ವಾಮಿಗಳು.
ಮೇಷ್ಟ್ರು ಎದ್ದು ನಿಂತರು,
ಚಪ್ಪಲಿ ಬಿಟ್ಟರು, ಫೋನಿಗೆ:
'ಬುದ್ಧಿ... ಆಗಲಿ ಬುದ್ಧಿ... ಬರ್ತೀನಿ ಬುದ್ಧಿ...'

ಕೂತ ಮೇಲೆ ನನ್ನ ಪೆನ್ನನ್ನೇ ನೋಡಿದರು.
ನಾನು ನಗಲಿಲ್ಲ.
ಗುಡಿಯ ಮೆಟ್ಟಿಲಿಗೂ ದೂರವಿದ್ದ ನನ್ನವ್ವ
ಆ ಮಠದ ಪಂಕ್ತಿಯಲ್ಲಿ ಮೊದಲ ಸಲ ಉಂಡ ದಿನ
ಎಲೆ ಮಡಚಲಾರದೆ ಕೂತೇ ಇದ್ದಳು,
ಬಡಿಸುವವರು ಬಂದು ಎಬ್ಬಿಸುವವರೆಗೆ.
ಅವಳಿಗೆ ಇದರಲ್ಲಿ ಯಾವ ಪುಟ ಓದಿ ಹೇಳಲಿ?

ವಿಷಯ ಇತ್ಯರ್ಥವಾಗಿಲ್ಲ.
ಮುಂದಿನ ಸಭೆ, ಎರಡನೇ ಭಾನುವಾರ.
ಉಳಿದ ಮಿರ್ಚಿ ಕಾವಲಿನ ಹುಡುಗನಿಗೆ.

ಚಪ್ಪಲಿಯ ಸಂಗತಿ ಬರೆದೆ,
ಹೊಡೆದು ಹಾಕಿದೆ,
ಮತ್ತೆ ಬರೆದೆ.