ಚಮಚದ ಮೈ

ಹೊರಗೆ ಮೈನಸ್ ಮೂವತ್ತೊಂದು. ಓಬ್ ನದಿ
ಬಾಯಿ ಮುಚ್ಚಿ ಮೂರು ವಾರ.
ಒಳಗೆ ನಾನು, ರೂಫೀನಾ,
ಚಿಟಿಕೆ ಬಿಳಿ ಪುಡಿ ಒತ್ತಿ ಬಿಲ್ಲೆ ಮಾಡುತ್ತೇನೆ.
ಅಲ್ಯೂಮಿನಾ. ಸೀನಿದರೆ ಒಡೆಯುವಷ್ಟು ತೆಳು;
ಬೆಳಕು ಹಾದುಹೋಗಬೇಕಲ್ಲ.

ಮೊದಲು ನೀರನ್ನು ಹೊರಡಿಸಬೇಕು.
ನಿರ್ವಾತದಲ್ಲಿ ಐನೂರು ಡಿಗ್ರಿ, ರಾತ್ರಿಯಿಡೀ.
ಹೊರಟೆ ಎಂದು ಎದ್ದವನು ಹೊಸ್ತಿಲಲ್ಲಿ ಬೂಟು ಹುಡುಕುತ್ತಾ
ಇನ್ನೊಂದು ಮಾತು ತೆಗೆಯುತ್ತಾನಲ್ಲ, ಆ ನೆಂಟನ ಜಾತಿ ನೀರು.
ಹೋದ ಮೇಲೂ ಬಿಟ್ಟುಹೋಗಿರುತ್ತದೆ
ಒಂದು ಆಮ್ಲಜನಕ, ಅದರ ತುದಿಗೊಂದು ಜಲಜನಕ,
ಮೈತುಂಬ ನವಿರು.
ಆ ನವಿರು ನಡುಗುವುದನ್ನೇ ನಾವು ಓದುವುದು:
ಮೂರು ಸಾವಿರದ ಏಳುನೂರ ಎಪ್ಪತ್ತರಲ್ಲಿ ಒಂದು ಮೊನೆ,
ಮೂವತ್ತರಲ್ಲೊಂದು ಗೂನು,
ಆಮೇಲೆ ಬರೀ ಇಳಿಜಾರು. ಅಲ್ಲಿ ಯಾರ ಕೈ ಯಾರು ಹಿಡಿದಿದ್ದಾರೋ
ಹೇಳಲು ಬರುವುದಿಲ್ಲ.

"ಒಳಗಿನದು ಸುಲಭ" ಎನ್ನುತ್ತಾರೆ ವೆನಿಯಮಿನ್ ಓಸಿಪೊವಿಚ್,
ಕನ್ನಡಕಕ್ಕೆ ಬಾಯಿಯ ಹಬೆ ಬಿಡುತ್ತಾ,
"ಒಳಗಿದ್ದವನಿಗೆ ಲೆಕ್ಕದ ನೆರೆ, ನಾಲ್ಕು ಇಲ್ಲವೇ ಆರು.
ಅಂಚಿನವನಿಗೆ ಐದು. ಬಾರದ ಆ ಒಬ್ಬನಿಗಾಗಿ
ಚಾಚಿದ ಕೈ ಚಾಚಿಯೇ ಇರುತ್ತಾನೆ, ಸಿಕ್ಕವರನ್ನೆಲ್ಲ ಹಿಡಿಯುತ್ತಾನೆ."
ಹೇಳುತ್ತಲೇ ನನ್ನ ಡಬ್ಬಿಯಿಂದ
ಒಂದು ಬಿಸ್ಕತ್ತು ಎತ್ತಿಕೊಂಡರು.

ಗುರುವಾರ ಯಂತ್ರ ಖಾಲಿಯಿತ್ತು.
ಕೋಟಿನ ಜೇಬಿನಿಂದ ಅಜ್ಜನ ಚಮಚ ತೆಗೆದೆ.
ಹಗುರ ಅಲ್ಯೂಮಿನಿಯಂ, ಕುತ್ತಿಗೆ ತಿರುಚಿ ಮತ್ತೆ ನೆಟ್ಟಗಾದದ್ದು,
ಹಿಡಿಯ ಬೆನ್ನಿಗೆ ಮೊಳೆಯಲ್ಲಿ ಗೀಚಿದ ಎರಡು ಅಕ್ಷರ:
ಮ. ಗ. — ಮಿನ್ನೆಗಾಲಿ ಗಾತೌಲ್ಲಿನ್.
ಬ್ಯಾರಕ್ಕಿನಲ್ಲಿ ನೂರಿಪ್ಪತ್ತು ಚಮಚ, ಎಲ್ಲ ಒಂದೇ ಅಚ್ಚು;
ಗುರುತು ಹಾಕದವನು ಗಂಜಿಯನ್ನು ಬೆರಳಲ್ಲಿ ತಿನ್ನಬೇಕಿತ್ತಂತೆ.

ಗೀಚಿದ ಗಾಯ ಎಷ್ಟು ಹೊತ್ತು ಬರಿಯ ಲೋಹವಾಗಿತ್ತು?
ಎವೆ ಇಕ್ಕುವಷ್ಟೂ ಇಲ್ಲ.
ಮೊಳೆ ಮುಂದೆ ಸರಿಯುವುದರೊಳಗೆ ಹಿಂದಿನಿಂದ ಗಾಳಿ ಬಂದು
ತೊಗಲು ಹೊಲಿದಾಗಿತ್ತು.
ಆ ಹೊಲಿಗೆ ನೋಡಬೇಕಿತ್ತು ನನಗೆ.

ಓರೆಯಾಗಿಟ್ಟೆ, ಬೆಳಕು ಮೈ ಸವರಿಕೊಂಡು ಹೋಗುವ ಹಾಗೆ.
ಪರದೆಯಲ್ಲಿ ಹೊಲಿಗೆಗಿಂತ ಮೊದಲು ಎದ್ದದ್ದು
ಎರಡು ಸಾವಿರದ ಒಂಬೈನೂರ ಇಪ್ಪತ್ತು, ಅದರ ಪಕ್ಕ ಎಂಟುನೂರ ಐವತ್ತು,
ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಅವಳಿ ಹಲ್ಲು.
ಕೊಬ್ಬು.

ಎದೆ ಒಂದು ಗಳಿಗೆ ಹಾರಿತು, ಸುಳ್ಳೇಕೆ ಹೇಳಲಿ.
ಆಮೇಲೆ ಅಂಗೈ ಮೂಸಿಕೊಂಡೆ:
ಬೆಳಿಗ್ಗೆ ಚಳಿಗೆಂದು ಹಚ್ಚಿಕೊಂಡ ಹೆಬ್ಬಾತಿನ ಜಿಡ್ಡು.
ಬಸ್ಸಿನ ದಾರಿಯುದ್ದ ಜೇಬಿನೊಳಗೆ
ಚಮಚ ಹಿಡಿದೇ ಕೂತಿದ್ದೆ.
ಮೈಗೆ ನೆನಪಿರುವುದು ಅಷ್ಟೇ, ಕೊನೆಗೆ ಮುಟ್ಟಿದವರು.

ವೆನಿಯಮಿನ್ ಓಸಿಪೊವಿಚ್ ಬಂದು, ನೋಡಿ,
ದಾಖಲೆ ಪುಸ್ತಕದಲ್ಲಿ ಬರೆದರು:
ಮಾದರಿ ಅಶುದ್ಧ. ತೊಳೆದು ಮತ್ತೆ ಅಳೆಯುವುದು.
ಅಸಿಟೋನಿನ ಬಾಟಲಿ ನನ್ನ ಕಡೆಗೆ ನೂಕಿದರು.

ಕ್ಯಾಂಟೀನಿನಲ್ಲಿ ಅವತ್ತು ಗ್ರೆಚ್ಕಾ ಗಂಜಿ.
ಮಾದರಿಯನ್ನು ಕೋಟಿನ ತೋಳಿಗೆ ಒರೆಸಿ
ಅದರಲ್ಲೇ ತಿಂದೆ,
ಬೆಣ್ಣೆ ಸ್ವಲ್ಪ ಹೆಚ್ಚೇ ಹಾಕಿಸಿಕೊಂಡು.