ಮೂರು ಬೆರಳು

ಖಾಸಿಂಸಾಬ ಕೋಣದ ಮುಖ ನೋಡುವುದಿಲ್ಲ.
ಹಿಂದಿನಿಂದ ಬಂದು ಬಾಲದ ಬುಡಕ್ಕೆ
ಮೂರು ಬೆರಳು ಊರಿ, ಕಣ್ಣು ಮುಚ್ಚಿ
ಹೇಳಿಬಿಡುತ್ತಾನೆ:
'ಇದು ಕಾಲುವೆ ಕೆಳಗಿಂದು. ಕಟ್ಟಿದಲ್ಲೇ ತಿಂದು ಊದಿದ್ದು,
ಕತ್ತಿ ಇಟ್ಟರೆ ನೀರು.'
'ಇದು ಅಮರವ್ವನ ಗುಡ್ಡದ್ದು.'
ಅಷ್ಟೇ. ಗುಡ್ಡದ್ದಕ್ಕೆ ವಿವರಣೆಯಿಲ್ಲ,
ಸಾವಿರ ಹೆಚ್ಚು ಕೊಡುತ್ತಾನೆ,
ಅದೂ ಒಂದು ತಾಸು ಜಗಳ ತೆಗೆದು.

ಮುದಗಲ್ಲಿನ ಸಂತೆಯಲ್ಲಿ ತೂಕ ಬರೆಯುವವನು ನಾನು.
ಕಾಟಾಕ್ಕೆ ನೀರೂ ಒಂದೇ, ಮಾಂಸವೂ ಒಂದೇ.

ಅಮರವ್ವ ನನ್ನ ದೊಡ್ಡವ್ವ.
ಗುಡ್ಡವನ್ನು ಸೀರೆಯಂತೆ ನಾಲ್ಕು ಮಡಿಕೆ ಮಾಡಿದ್ದಾಳೆ.
ತಂತಿಯಿಲ್ಲ, ಮುಳ್ಳಿಲ್ಲ;
ಒಂದು ಬೇವು, ಒಂದು ಸೀಳಿದ ಬಂಡೆ, ಒಣಹಳ್ಳ,
ಉಳಿದ ಬೇಲಿಯೆಲ್ಲ ಆಕೆಯ ಬಾಯಿ.
ದಿನಕ್ಕೆರಡು ಸಲ ಹುಲ್ಲಿನ ಬುಡಕ್ಕೆ ಎಡಗೈ ಆನಿಸುತ್ತಾಳೆ,
ಮೂರು ಬೆರಳಷ್ಟು ಉಳಿದರೆ
'ಏಳ್ರಿ ಇನ್ನ.' ಎಮ್ಮೆಗಳಿಗೂ ಬಹುವಚನ.
'ಇನ್ನೂ ಐತಲ್ಲ ದೊಡ್ಡವ್ವ?'
'ಅದು ನಮ್ಮದಲ್ಲೋ. ಅದು ಹುಲ್ಲಿನ ಊಟ.'

ಹಳ್ಳದಾಚೆ ಗೋಮಾಳ. ಮುನ್ನೂರು ಬಾಯಿ,
ಬೆಳಗಿನಿಂದ ಸಂಜೆ, ಯುಗಾದಿಯಿಂದ ಯುಗಾದಿ.
ಮೊದಲು ಕರಡ ಹೋಯಿತು, ಆಮೇಲೆ ಕರಕಿ,
ಆಮೇಲೆ ತಂಗಡಿಯೊಂದೇ ಹಳದಿ ಹೂ ಹೊತ್ತು ನಿಂತಿತು,
ಯಾವ ದನವೂ ಬಾಯಿ ಹಾಕದ ಚೆಲುವು.
ಹಸಿದವು ಜಾಲಿಕಾಯಿ ತಿಂದವು,
ಹೋದಲ್ಲೆಲ್ಲ ಸಗಣಿಯಲ್ಲಿ ಬೀಜ ಬಿತ್ತಿದವು.
ತಾವೇ ಬಿತ್ತಿದ ಮುಳ್ಳೊಳಗೆ ಈಗ
ದಾರಿ ಹುಡುಕುತ್ತವೆ.
ಮಿರಗದ ಮೊದಲ ಮಳೆಗೆ
ಗೋಮಾಳ ಕೆಂಪಗೆ ಹಳ್ಳಕ್ಕಿಳಿಯುತ್ತದೆ.
ಅದನ್ನು ತೂಗುವ ಕಾಟಾ ನಮ್ಮ ಸಂತೆಯಲ್ಲಿಲ್ಲ.

ದೊಡ್ಡವ್ವ ಸಂತೆಗೆ ಬರುವುದಿಲ್ಲ. ಕೋಣ ಕಳಿಸುತ್ತಾಳೆ,
ಹಗ್ಗ ವಾಪಸು ಬೇಕು.
ನಾನು ರಾತ್ರಿ ಹಗ್ಗ, ರೊಕ್ಕ ಎರಡೂ ಕೊಟ್ಟರೆ
ರೊಕ್ಕ ಎಣಿಸುವ ಮೊದಲು ಕೇಳುತ್ತಾಳೆ,
'ಎಷ್ಟು ತೂಗ್ತು?'
'ಮುನ್ನೂರ ನಲವತ್ತು ಕಿಲೋ.'
ಸ್ವಲ್ಪ ಹೊತ್ತು ಸುಮ್ಮನಿದ್ದು,
'ಅಷ್ಟು ಗುಡ್ಡ ಹೋತಾ?'

ನಾಲ್ಕು ವರ್ಷ ಆ ಕೋಣ ಹಾಕಿದ ಸಗಣಿ,
ಗೊರಸಿನ ಗುಳಿಯಲ್ಲಿ ನಿಂತ ಅಂಗೈಯಗಲ ನೀರು,
ಅದರಲ್ಲಿ ಮೊಳೆತದ್ದು,
ಇವನ್ನೆಲ್ಲ ಕಳೆದು ಹೇಳಬೇಕೋ ಕೂಡಿ ಹೇಳಬೇಕೋ
ನನಗೆ ತಿಳಿಯಲಿಲ್ಲ.
ನನ್ನ ಪುಸ್ತಕದಲ್ಲಿ ಎರಡೇ ಕಾಲಂ: ತೂಕ, ರೇಟು.

ಮೊನ್ನೆ ಮೂರನೆಯ ಮಡಿಕೆಯಲ್ಲಿ
ಆಕೆ ಬುತ್ತಿ ಬಿಚ್ಚುವಾಗ ನಾನೂ ಕೈ ಆನಿಸಿದೆ.
ನನ್ನ ಬೆರಳು ದಪ್ಪ. ಹುಲ್ಲು ಎರಡೂವರೆಗೇ ನಿಂತಿತು.
ರೊಟ್ಟಿ ಮುರಿಯುತ್ತ ದೊಡ್ಡವ್ವ
'ಲೆಕ್ಕ ತಪ್ಪೇತಿ' ಅಂದಳು,
ನನಗೋ, ಎಮ್ಮೆಗಳಿಗೋ,
ಎದ್ದಳು, ಊಟ ಬಿಟ್ಟು.